ಮೊದಲ ಕರಡೇ ಕಡೆಯ ಕೃತಿ

ಕಾದಂಬರಿ ಬರೆಯುವುದರಲ್ಲಿ ಇರುವ ಸುಖಗಳಲ್ಲೆಲ್ಲ ದೊಡ್ಡದು ಯಾವುದೆಂದರೆ, 'ಒಂದು ಕಾದಂಬರಿ ಬರೀತಾ ಇದ್ದೀನಿ' ಎಂದು ನಾಲ್ಕು ಜನರ ಮುಂದೆ ಹೇಳುವುದು. ಈ ಸುಖಕ್ಕೆ ಕಾಗದ ಬೇಡ, ಪೆನ್ನು ಬೇಡ, ಕಾದಂಬರಿಯಂತೂ ಬೇಡವೇ ಬೇಡ. ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುತ್ತ ನಿಂತಾಗ ಪಕ್ಕದವರ ಕಿವಿಗೆ ಹಾಕಿದರೆ ಸಾಕು. ಕೇಳಿದವರ ಮುಖದಲ್ಲಿ ಗೌರವವೂ ಗಾಬರಿಯೂ ಒಟ್ಟಿಗೆ ಮೂಡುತ್ತವೆ. ಇವರು ಬರೆಯುತ್ತಿದ್ದಾರೆ ಎಂದು ಗೌರವ, ಮುಂದೊಂದು ದಿನ ಓದಲು ಕೊಡುತ್ತಾರೆ ಎಂದು ಗಾಬರಿ.

ನಮ್ಮ ರಾಯರು ಈ ಸುಖವನ್ನು ನಿವೃತ್ತಿಯ ಮಾರನೆಯ ದಿನದಿಂದಲೇ ಅನುಭವಿಸುತ್ತ ಬಂದವರು. ಅವರ ಪೂರ್ತಿ ಹೆಸರು ಬೇಡ. ಬೆಂಗಳೂರಿನಲ್ಲಿ ಬಡಾವಣೆಗೊಬ್ಬರು, ಮೈಸೂರಿನಲ್ಲಿ ಬೀದಿಗೊಬ್ಬರು, ಧಾರವಾಡದಲ್ಲಿ ಮನೆಗೊಬ್ಬರು ಇಂಥವರಿದ್ದಾರೆ. ಒಬ್ಬರ ಹೆಸರು ಹಾಕಿದರೆ ಉಳಿದವರು ನೊಂದುಕೊಳ್ಳುತ್ತಾರೆ. ರಾಯರು ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದವರು. ಸಾಲದ ಅರ್ಜಿಯಲ್ಲಿ ಜಾಮೀನುದಾರನ ಸಹಿ ಒಂದಿಷ್ಟು ಓರೆಯಾಗಿದ್ದರೂ ಕಡತ ವಾಪಸು ಕಳಿಸಿ ಹೆಸರು ಮಾಡಿದವರು. ಸಂಶಯಪಡುವುದಕ್ಕೇ ಸಂಬಳ ಎಣಿಸಿದ ಆ ಮನುಷ್ಯ, ನಿವೃತ್ತಿಯಾದ ದಿನ ಲಾಕರಿನ ಬೀಗದಕೈಯ ಜೊತೆಗೆ ಸಂಶಯವನ್ನೂ ಬ್ಯಾಂಕಿಗೆ ಒಪ್ಪಿಸಿ ಮನೆಗೆ ಬಂದರು. ಕಾದಂಬರಿ ಶುರುವಾದದ್ದು ಅದಾದ ಮೇಲೆ.

ಮೊದಲ ಕರಡಿನ ಸುಖ ನಿಜವಾದ ಸುಖ, ಅದನ್ನು ಯಾರೂ ಅಲ್ಲಗಳೆಯಲಾರರು. ಗಾಂಧಿಬಜಾರಿನಲ್ಲಿ ಕೊಂಡ ರಟ್ಟು ಬೈಂಡಿನ ಪುಸ್ತಕ, ಅದರ ಮೊದಲ ಪುಟದಲ್ಲಿ ಶ್ರೀಕಾರ, ಎರಡನೇ ಪುಟದಲ್ಲಿ ಅರ್ಪಣೆ, ಮೂರನೇ ಪುಟದಲ್ಲಿ ಪ್ರಶಸ್ತಿ ಬಂದಾಗ ಮಾಡಬೇಕಾದ ಭಾಷಣದ ಟಿಪ್ಪಣಿ. ನಾಲ್ಕನೇ ಪುಟದಿಂದ ಕಾದಂಬರಿ. ಭೈರಪ್ಪನವರು 'ಪರ್ವ' ಬರೆಯುವ ಮೊದಲು ಹಿಮಾಲಯದ ತಪ್ಪಲಿನ ಹಳ್ಳಿಗಳಿಗೆ ಹೋಗಿ ಬಹುಪತಿತ್ವದ ಪದ್ಧತಿಯನ್ನು ಕಣ್ಣಾರೆ ಕಂಡು ಬಂದರು ಎಂಬುದನ್ನು ರಾಯರು ಬಲ್ಲರು. ಅವರೂ ಕ್ಷೇತ್ರಕಾರ್ಯ ಮಾಡಿದರು. ಸಕಲೇಶಪುರದ ಹೋಂಸ್ಟೇಯೊಂದಕ್ಕೆ ಶನಿವಾರ ಹೋಗಿ ಭಾನುವಾರ ಬಂದರು. ಅಕ್ಕಿರೊಟ್ಟಿ, ಜಿಗಣೆ, ಮಂಜು, ಮೂರೂ ಕಾದಂಬರಿಯಲ್ಲಿ ಬಂದಿವೆ. ಜಿಗಣೆಗೆ ಒಂದು ಅಧ್ಯಾಯವೇ ಸಂದಿದೆ.

ಬರೆಯುತ್ತ ಬರೆಯುತ್ತ ರಾಯರಿಗೆ ಇನ್ನೊಂದು ಸುಖ ಸಿಕ್ಕಿತು. 'ಪಾತ್ರಗಳು ನನ್ನ ಕೈಮೀರಿ ಹೋಗ್ತಿವೆ ಕಣ್ರೀ, ನಾನು ಅವುಗಳ ಹಿಂದೆ ಓಡ್ತಾ ಇದ್ದೀನಿ ಅಷ್ಟೆ' ಎಂದು ವಾಕಿಂಗಿನಲ್ಲಿ ಸಿಕ್ಕವರಿಗೆಲ್ಲ ಹೇಳತೊಡಗಿದರು. ಬ್ಯಾಂಕಿನಲ್ಲಿ ಒಬ್ಬ ಗುಮಾಸ್ತ ಕೈಮೀರಿ ಹೋಗಿದ್ದರೆ ಮೆಮೋ ಕೊಡುತ್ತಿದ್ದ ಮನುಷ್ಯ ಇವರು. ಇಲ್ಲಿ ನಾಯಕ ಶಂಕರ ಕಾರಣವಿಲ್ಲದೆ ಕಾಶಿಗೆ ಹೊರಟುಹೋದರೆ ಪುಳಕಗೊಂಡರು. ಅವನ ಜೊತೆ ಓಡಿ ಓಡಿ ಐನೂರು ಪುಟವಾಯಿತು.

ಅಮೆರಿಕದಲ್ಲಿ 1999ರಲ್ಲಿ ಕೆಲವು ಗೆಳೆಯರು ಸೇರಿ ಒಂದು ಪಂದ್ಯ ಹೂಡಿದ್ದರು. ಒಂದೇ ತಿಂಗಳಲ್ಲಿ 50,000 ಪದಗಳ ಕಾದಂಬರಿ, ಅಂದರೆ ದಿನಕ್ಕೆ 1,667 ಪದ. ಬೆಳೆಯುತ್ತ ಅದು ನ್ಯಾನೋರೈಮೋ ಎಂಬ ಸಂಸ್ಥೆಯೇ ಆಗಿ, ಜಗತ್ತಿನ ನಾನಾ ಕಡೆಯ ಜನ ನವೆಂಬರ್ ಬಂತೆಂದರೆ ಬಾಗಿಲು ಹಾಕಿಕೊಂಡು ಬರೆಯುವಂತಾಯಿತು. 2025ರಲ್ಲಿ ಸಂಸ್ಥೆ ಮುಚ್ಚಿತು. ಆ ಪಂದ್ಯದ ನಿಯಮದಲ್ಲಿ ಒಂದು ವಿವೇಕವಿತ್ತು: ಒಳಗಿನ ತಿದ್ದುಗಾರನನ್ನು ಒಂದು ತಿಂಗಳ ಮಟ್ಟಿಗೆ ಕೂಡಿಹಾಕಿ, ಆಮೇಲೆ ಬಿಟ್ಟುಬಿಡಿ ಎನ್ನುತ್ತಿದ್ದರು. ಜನವರಿ, ಫೆಬ್ರವರಿಯಲ್ಲಿ ತಿದ್ದುವುದಕ್ಕೆಂದೇ ಬೇರೆ ಕಾರ್ಯಕ್ರಮ ಇರುತ್ತಿತ್ತು. ನಮಗೆ ನವೆಂಬರ್ ರಾಜ್ಯೋತ್ಸವದ ತಿಂಗಳು, ಕನ್ನಡ ಉಳಿಸುವ ಭಾಷಣಗಳ ನಡುವೆ ಕನ್ನಡ ಬರೆಯಲು ಪುರುಸೊತ್ತಿರುವುದಿಲ್ಲ. ಹಾಗಾಗಿ ಪಂದ್ಯದ ಮೊದಲ ಅರ್ಧವನ್ನು ಮಾತ್ರ ಆಮದು ಮಾಡಿಕೊಂಡೆವು. ತಿದ್ದುಗಾರನನ್ನು ಕೂಡಿಹಾಕಿದ್ದು ನಿಜ. ಬೀಗದಕೈ ಎಲ್ಲಿಟ್ಟೆವೋ ನೆನಪಿಲ್ಲ.

ತಿದ್ದಿ ಎಂದು ಯಾರಾದರೂ ಬಾಯಿಬಿಟ್ಟರೆ ರಾಯರ ಬಳಿ ಪೂರ್ವಸೂರಿಗಳ ದಂಡೇ ಇದೆ. ಕಾರಂತರು ತಿದ್ದುತ್ತಿದ್ದರೇ? ಕಡೆಗಾಲದಲ್ಲಿ ಬಾಯಲ್ಲಿ ಹೇಳಿಯೇ ಬರೆಸಿದರಲ್ಲ! ಅನಕೃ ನೂರಕ್ಕೂ ಮಿಕ್ಕಿ ಕಾದಂಬರಿ ಬರೆದವರು, ಒಂದೊಂದನ್ನೂ ತಿದ್ದುತ್ತ ಕೂತಿದ್ದರೆ ಆಗುತ್ತಿತ್ತೇ? ವಾರಪತ್ರಿಕೆಯ ಧಾರಾವಾಹಿಗೆ ಗುರುವಾರ ಕಂತು ಕೊಡಬೇಕಾದವರು ಬುಧವಾರ ರಾತ್ರಿ ಬರೆಯುತ್ತಿರಲಿಲ್ಲವೇ? ದಾಸ್ತೊಯೆವ್‌ಸ್ಕಿ 'ಜೂಜುಕೋರ'ವನ್ನು 26 ದಿನದಲ್ಲಿ ಮುಗಿಸಲಿಲ್ಲವೇ?

ಎಲ್ಲವೂ ನಿಜ. ರಾಯರ ಸಾಕ್ಷಿಗಳಲ್ಲಿ ಸುಳ್ಳು ಹೇಳುವವರು ಯಾರೂ ಇಲ್ಲ, ಅರ್ಧಕ್ಕೆ ಮಾತು ನಿಲ್ಲಿಸುವವರು ಮಾತ್ರ ಇದ್ದಾರೆ. ಕಾರಂತರು ಹೇಳಿ ಬರೆಸುವ ಹೊತ್ತಿಗೆ ಊರೂರು ತಿರುಗಿ, ಯಕ್ಷಗಾನ ಕುಣಿದು, ಒಬ್ಬರೇ ಕೂತು ವಿಶ್ವಕೋಶ ಬರೆದು, ಚುನಾವಣೆಗೂ ನಿಂತು ಬಂದಿದ್ದರು. ಅವರ ಕರಡು ಕಾಗದಕ್ಕೆ ಇಳಿಯುವ ಮುಂಚೆ ತಲೆಯಲ್ಲಿ ಎಷ್ಟು ಸಲ ತಿದ್ದಿಸಿಕೊಂಡಿತ್ತೋ ಬಲ್ಲವರಾರು. ಅನಕೃ ಅವರ ನೂರರಲ್ಲಿ ಇವತ್ತು ಎಷ್ಟನ್ನು ಓದುತ್ತೇವೆ ಎಂಬ ಪ್ರಶ್ನೆಯನ್ನು ರಾಯರು ಕೇಳಿಕೊಳ್ಳುವುದಿಲ್ಲ. ಇನ್ನು ದಾಸ್ತೊಯೆವ್‌ಸ್ಕಿಯ 26 ದಿನ. ಅದು 1866ರ ಅಕ್ಟೋಬರ್. ಸ್ಟೆಲ್ಲೋವ್‌ಸ್ಕಿ ಎಂಬ ಪ್ರಕಾಶಕನ ಜೊತೆ ಮಾಡಿಕೊಂಡ ಕರಾರಿನ ಪ್ರಕಾರ ನವೆಂಬರ್ 1ರೊಳಗೆ ಹಸ್ತಪ್ರತಿ ಕೊಡದಿದ್ದರೆ ಒಂಬತ್ತು ವರ್ಷ ತಾನು ಬರೆದದ್ದರ ಹಕ್ಕೆಲ್ಲ ಅವನ ಪಾಲಾಗುತ್ತಿತ್ತು. ಶೀಘ್ರಲಿಪಿ ಬಲ್ಲ ಇಪ್ಪತ್ತರ ಹುಡುಗಿ ಆನ್ನಾಳನ್ನು ಕರೆಸಿ, ಹೇಳಿ ಬರೆಸಿ ಕುತ್ತಿಗೆ ಉಳಿಸಿಕೊಂಡ. ಮುಂದಿನ ಫೆಬ್ರವರಿಯಲ್ಲಿ ಆಕೆಯನ್ನೇ ಮದುವೆಯಾದ. ಸಾಹಿತ್ಯ ಚರಿತ್ರೆಯಲ್ಲಿ ಗಡುವಿನಿಂದ ಆದ ಏಕೈಕ ಒಳ್ಳೆಯ ಕೆಲಸ ಬಹುಶಃ ಆ ಮದುವೆ. ಆದರೆ ಅದೇ ದಾಸ್ತೊಯೆವ್‌ಸ್ಕಿ ಅದರ ಹಿಂದಿನ ವರ್ಷ, 'ಅಪರಾಧ ಮತ್ತು ಶಿಕ್ಷೆ' ಬಹುಪಾಲು ಬರೆದಾದ ಮೇಲೆ ಮನಸ್ಸಿಗೆ ಬರಲಿಲ್ಲವೆಂದು ಎಲ್ಲವನ್ನೂ ಸುಟ್ಟುಹಾಕಿ ಮೊದಲಿನಿಂದ ಶುರುಮಾಡಿದ. ಸಾಲ ಕುತ್ತಿಗೆಗೆ ಬಂದಿದ್ದಾಗಲೇ ಸುಟ್ಟ. ರಾಯರಿಗೆ ಸಾಲದ ಕತೆ ಅರ್ಥವಾಗುತ್ತದೆ, ಬೆಂಕಿಯ ಕತೆ ಕಿವಿಗೆ ಬೀಳುವುದಿಲ್ಲ.

ಫ್ಲೋಬೇರ್ 'ಮದಾಮ್ ಬೋವರಿ'ಗೆ ಸುಮಾರು ಐದು ವರ್ಷ ತೆಗೆದುಕೊಂಡ, ಒಂದೊಂದು ವಾಕ್ಯವನ್ನೂ ಗಟ್ಟಿಯಾಗಿ ಕೂಗಿ ನೋಡುತ್ತಿದ್ದ. ನಮ್ಮಲ್ಲೂ ಗಟ್ಟಿಯಾಗಿ ಓದುವ ಪದ್ಧತಿ ಇದೆ, ಆದರೆ ಕೇಳಲು ಜನ ಬೇಕು, ಕೊನೆಯಲ್ಲಿ ಉಪ್ಪಿಟ್ಟು ಬೇಕು, ಉಪ್ಪಿಟ್ಟು ತಿಂದವರು ಚೆನ್ನಾಗಿದೆ ಎನ್ನಬೇಕು. ಹೆಮಿಂಗ್ವೇ 'ಎ ಫೇರ್‌ವೆಲ್ ಟು ಆರ್ಮ್ಸ್' ಕಾದಂಬರಿಯ ಕೊನೆಯ ಪುಟವನ್ನು 39 ಸಲ ಬರೆದೆನೆಂದು 1958ರ ಸಂದರ್ಶನವೊಂದರಲ್ಲಿ ಹೇಳಿಕೊಂಡ. ಬರಹಗಾರರು ಇಂಥ ಲೆಕ್ಕವನ್ನು ಉಬ್ಬಿಸಿಯೇ ಹೇಳುತ್ತಾರೆಂದು ನಾವು ಅನುಮಾನಪಡುವುದು ಸಹಜ. 2012ರಲ್ಲಿ ಅವನ ಕಾಗದಗಳನ್ನೆಲ್ಲ ಜೋಡಿಸಿ ಹೊಸ ಆವೃತ್ತಿ ತಂದಾಗ ಸಿಕ್ಕ ಮುಕ್ತಾಯಗಳು 47. ಕಡಿಮೆ ಹೇಳಿದ್ದ ಮಾರಾಯ! ಕುವೆಂಪು ಅವರ 'ಕಾನೂರು ಹೆಗ್ಗಡಿತಿ' 1936, 'ಮಲೆಗಳಲ್ಲಿ ಮದುಮಗಳು' 1967. ಆ ಮೂವತ್ತೊಂದು ವರ್ಷದಲ್ಲಿ ಅವರು ಬೇರೆ ಕಾದಂಬರಿ ಪ್ರಕಟಿಸಲಿಲ್ಲ. ಈಗ ಯಾರಾದರೂ ಎರಡು ಕಾದಂಬರಿಗಳ ನಡುವೆ ಮೂವತ್ತೊಂದು ತಿಂಗಳು ಬಿಟ್ಟರೆ ಮಿತ್ರರು ಆರೋಗ್ಯ ವಿಚಾರಿಸಿ ಫೋನು ಮಾಡುತ್ತಾರೆ.

ಇಷ್ಟಾದರೂ ರಾಯರನ್ನು ಪೂರ್ತಿ ದೂರುವಂತಿಲ್ಲ. ತಿದ್ದದಿರುವುದು ಅವರ ಸೋಮಾರಿತನವಲ್ಲ, ಅದಕ್ಕೆ ಲೆಕ್ಕಾಚಾರವಿದೆ. ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆ ಆಯ್ಕೆಯಾದ ಪುಸ್ತಕದ 300 ಪ್ರತಿಗಳನ್ನು ಸಗಟಾಗಿ ಕೊಳ್ಳುತ್ತದೆ. ಆ ಬೆಲೆ ನಿಗದಿಯಾಗುವುದು ಪುಟದ ಲೆಕ್ಕದಲ್ಲಿ, ಪುಟಕ್ಕೆ ಇಷ್ಟು ಪೈಸೆ ಎಂದು. ಬಿಲ್ಲು ಯಾವಾಗ ಬಂದೀತು ಎಂಬುದು ಬೇರೆ ಕಾದಂಬರಿ. ಪುಟದ ಲೆಕ್ಕದಲ್ಲಿ ದುಡ್ಡು ಎಂದಮೇಲೆ, ಒಬ್ಬ ಲೇಖಕ ಕೂತು ಮನಸಾರೆ ಮೂವತ್ತು ಪುಟ ಹೊಡೆದುಹಾಕಿದರೆ ಅವನು ಮೂವತ್ತು ಪುಟ ಗುಣಿಸು ಮುನ್ನೂರು ಪ್ರತಿಯಷ್ಟು ನಷ್ಟವನ್ನು ಪ್ರಕಾಶಕರ ತಲೆಗೆ ಕಟ್ಟಿದಂತಾಯಿತು. ಕತ್ತರಿಸುವುದು ನಮ್ಮಲ್ಲಿ ಕಲೆಯಲ್ಲ, ಆರ್ಥಿಕ ಅಪರಾಧ. 'ಸಾರ್, ಮುವ್ವತ್ತು ಫಾರಂ ಆಗೋಕೆ ಇನ್ನೊಂದು ಒಂಬತ್ತು ಪುಟ ಬೇಕಿತ್ತು, ಆ ಜಿಗಣೆ ಚೆನ್ನಾಗಿತ್ತಲ್ಲ, ಅದನ್ನೇ ಸ್ವಲ್ಪ ಎಳೀರಿ' ಎಂದು ಪ್ರಕಾಶಕರು ಹೇಳಿದಾಗ ಯಾವ ಲೇಖಕನಿಗೆ ತಾನೆ ಹೃದಯ ತುಂಬಿ ಬರುವುದಿಲ್ಲ? ಜಿಗಣೆಗೆ ಎರಡನೆಯ ಅಧ್ಯಾಯ ಬಂದದ್ದು ಹೀಗೆ.

ಈ ಲೆಕ್ಕದಲ್ಲಿ ಅನಂತಮೂರ್ತಿಯವರ 'ಸಂಸ್ಕಾರ' ಕಡು ನಷ್ಟದ ಬಾಬತ್ತು. 1965ರಲ್ಲಿ ಬಂದ ಆ ತೆಳ್ಳನೆಯ ಪುಸ್ತಕವನ್ನು ಬರ್ಮಿಂಗ್‌ಹ್ಯಾಮಿನಲ್ಲಿ ಕೂತು ಬರೆಯುವಾಗ ಅವರು ಪುಟದ ದರದ ಕುರಿತು ಒಂದು ಕ್ಷಣವೂ ಚಿಂತಿಸಿದಂತಿಲ್ಲ. ವಿವೇಕ ಶಾನಭಾಗರ 'ಘಾಚರ್ ಘೋಚರ್' ಇನ್ನೂ ತೆಳ್ಳಗಿದೆ. ಅದು ಇಂಗ್ಲಿಷಿಗೆ ಹೋಗಿ ದೇಶಾಂತರ ತಿರುಗಿತು ನಿಜ, ಆದರೆ ಕಪಾಟಿನಲ್ಲಿಟ್ಟರೆ ಬೆನ್ನಿನ ಮೇಲೆ ಹೆಸರು ಓದುವುದು ಕಷ್ಟ. ರಾಯರ ಕಾದಂಬರಿಯ ಬೆನ್ನ ಮೇಲೆ ಹೆಸರು, ಲೇಖಕರ ಹೆಸರು, ಲೇಖಕರ ಭಾವಚಿತ್ರ ಮೂರಕ್ಕೂ ಜಾಗವಿದೆ.

ನಮ್ಮ ಪ್ರಕಾಶನ ವ್ಯವಸ್ಥೆಯಲ್ಲಿ ಎಲ್ಲರೂ ಇದ್ದಾರೆ. ಮುಖಪುಟ ಮಾಡುವವರು, ಪುಟವಿನ್ಯಾಸದವರು, ಮುನ್ನುಡಿಕಾರರು, ಬೆನ್ನುಡಿಕಾರರು, ಬಿಡುಗಡೆ ಮಾಡುವವರು, ಪುಸ್ತಕದ ಕುರಿತು ಮಾತನಾಡುವವರು, ಪುಸ್ತಕ ಬಿಟ್ಟು ಉಳಿದೆಲ್ಲದರ ಕುರಿತು ಮಾತನಾಡುವವರು. ಇಲ್ಲದವರು ಸಂಪಾದಕರು. ಕರಡು ನೋಡುವವರು ಒಬ್ಬರಿರುತ್ತಾರೆ. ಅವರು ಅಕ್ಕಿಯಲ್ಲಿ ಕಲ್ಲು ಆರಿಸಿಕೊಡುತ್ತಾರೆ, ಅನ್ನ ಬೆಂದಿದೆಯೇ ಎಂದು ನೋಡುವುದು ಅವರ ಕೆಲಸವಲ್ಲ. ಶಕಾರ ಷಕಾರಗಳು ತಂತಮ್ಮ ಜಾಗದಲ್ಲಿ ಕೂತರೆ ಅವರ ಪಾಲಿನ ಧರ್ಮ ಮುಗಿಯಿತು. ಶಂಕರ ಕಾಶಿಗೆ ಯಾಕೆ ಹೋದ ಎಂದು ಕೇಳಲು ಅವರಿಗೆ ಯಾರೂ ದುಡ್ಡು ಕೊಟ್ಟಿಲ್ಲ.

ಹಾರ್ಪರ್ ಲೀ ಎಂಬ ಅಮೆರಿಕದ ಹೆಣ್ಣುಮಗಳ ಕತೆ ಇಲ್ಲಿ ನೆನಪಾಗುತ್ತದೆ. ಆಕೆ 1957ರಲ್ಲಿ ಒಂದು ಕಾದಂಬರಿಯ ಹಸ್ತಪ್ರತಿಯನ್ನು ಪ್ರಕಾಶಕರಿಗೆ ಕೊಟ್ಟಳು. ದೊಡ್ಡವಳಾದ ಮಗಳು ಊರಿಗೆ ಮರಳುತ್ತಾಳೆ, ದೇವರೆಂದು ನಂಬಿದ್ದ ಅಪ್ಪನ ವರ್ಣಭೇದದ ಮುಖ ಕಂಡು ಕಂಗೆಡುತ್ತಾಳೆ. ಟೇ ಹೋಹೋಫ್ ಎಂಬ ಸಂಪಾದಕಿ ಅದನ್ನು ಓದಿ, ಈ ಹುಡುಗಿ ಬರೆಯಬಲ್ಲಳು ಆದರೆ ಇದಿನ್ನೂ ಕಾದಂಬರಿಯಾಗಿಲ್ಲ ಎಂದು ಕಂಡುಕೊಂಡಳು. ಬಾಲ್ಯದ ಭಾಗ ಜೀವಂತವಾಗಿದೆ ಎಂಬ ಎಳೆ ಹಿಡಿದು ಎರಡು ಚಿಲ್ಲರೆ ವರ್ಷ ಮತ್ತೆ ಮತ್ತೆ ಬರೆಸಿದಳು. ದೊಡ್ಡವಳ ಕಣ್ಣು ಹೋಗಿ ಮಗುವಿನ ಕಣ್ಣು ಬಂತು. 1960ರಲ್ಲಿ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಹೊರಬಂತು, ಮರುವರ್ಷ ಪುಲಿಟ್ಜರ್ ಬಂತು. ಮೂಲ ಕರಡು 'ಗೋ ಸೆಟ್ ಎ ವಾಚ್‌ಮನ್' ಎಂಬ ಹೆಸರಿನಲ್ಲಿ 2015ರಲ್ಲಿ ಅಚ್ಚಾದಾಗ ಜನ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ತಿದ್ದುವುದೆಂದರೆ ಏನೆಂದು ಕಣ್ಣಾರೆ ಕಂಡರು.

ನಮ್ಮಲ್ಲಾಗಿದ್ದರೆ ಪಾಪ ಆ ಹೆಣ್ಣುಮಗಳು ಅಷ್ಟು ವರ್ಷ ಒದ್ದಾಡಬೇಕಾಗುತ್ತಿರಲಿಲ್ಲ. 1957ರಲ್ಲೇ ಲೋಕಾರ್ಪಣೆಯಾಗುತ್ತಿತ್ತು. ಒಂದು ಮುನ್ನುಡಿ, ಎರಡು ಬೆನ್ನುಡಿ. 'ಭರವಸೆಯ ಲೇಖಕಿ' ಎಂದು ಎಲ್ಲರೂ ಕರೆಯುತ್ತಿದ್ದರು. ಸಾಯುವತನಕ ಭರವಸೆಯ ಲೇಖಕಿಯಾಗಿಯೇ ಇರುತ್ತಿದ್ದಳು.

ರಾಯರಿಗೂ ಸಂಪಾದಕರು ಒಬ್ಬರಿದ್ದರು, ಅವರ ಮನೆಯಲ್ಲೇ. ಅವರ ಶ್ರೀಮತಿ ಹೈಸ್ಕೂಲಿನಲ್ಲಿ ಕನ್ನಡ ಮೇಡಂ ಆಗಿದ್ದವರು. ಎಸ್ಸೆಸ್ಸೆಲ್ಸಿ ಮೌಲ್ಯಮಾಪನದಲ್ಲಿ ರಾಶಿ ರಾಶಿ ಉತ್ತರಪತ್ರಿಕೆ ನೋಡಿದ ಕೈ. ಟಾಲ್‌ಸ್ಟಾಯ್ 'ಯುದ್ಧ ಮತ್ತು ಶಾಂತಿ' ಬರೆಯುವಾಗ ಹೆಂಡತಿ ಸೋಫಿಯಾ ರಾತ್ರಿಯೆಲ್ಲ ಕೂತು ಆ ಗೀಚಲು ಬರಹವನ್ನು ಮತ್ತೆ ಮತ್ತೆ ಶುದ್ಧ ಪ್ರತಿ ಮಾಡಿದಳೆಂಬ ಸಂಗತಿಯನ್ನು ರಾಯರು ಎಲ್ಲೋ ಓದಿ, ಅದೇ ಆಸೆಯಿಂದ ಹಸ್ತಪ್ರತಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟರು. ಆಕೆ ಪ್ರತಿ ಮಾಡಲಿಲ್ಲ. ಪೆನ್ಸಿಲು ತೆಗೆದುಕೊಂಡರು.

ಮೊದಲ ಅಧ್ಯಾಯದ ಮೊದಲ ವಾಕ್ಯ ಹೀಗಿತ್ತು: 'ಪಡುವಣ ದಿಗಂತದಲ್ಲಿ ದಿನಮಣಿಯು ತನ್ನ ಹೊಂಗಿರಣಗಳ ಓಕುಳಿಯನ್ನು ಚೆಲ್ಲಿ, ಹಗಲೆಂಬ ಯಾತ್ರಿಕನನ್ನು ಇರುಳೆಂಬ ಛತ್ರಕ್ಕೆ ಒಪ್ಪಿಸುತ್ತಿರಲು, ಹನ್ನೆರಡು ವರ್ಷಗಳ ಸುದೀರ್ಘ ಅಗಲಿಕೆಯ ನಂತರ ತನ್ನ ಹುಟ್ಟೂರಿನ ಪುಣ್ಯಮಣ್ಣನ್ನು ಮೆಟ್ಟಿದ ಶಂಕರನ ಹೃದಯವು ಅವ್ಯಕ್ತವಾದ ಭಾವನೆಗಳ ಉಬ್ಬರದಿಂದ ತುಂಬಿ ತುಳುಕುತ್ತ, ಮನೆಯ ಬಾಗಿಲಿಗೆ ಹಾಕಿದ್ದ ಬೀಗವನ್ನು ಕಂಡು ಅವನ ಮನವು ಅಳುಕಿತು.'

ಆಕೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತ ಹೋಗಿ ಉಳಿಸಿದ್ದು ಇಷ್ಟು: 'ಹನ್ನೆರಡು ವರ್ಷದ ಮೇಲೆ ಶಂಕರ ಊರಿಗೆ ಬಂದ. ಮನೆಗೆ ಬೀಗ ಹಾಕಿತ್ತು.'

'ಇಷ್ಟೇನೇ?' ಎಂದರು ರಾಯರು.

'ಬೀಗ ಕಂಡ್ಮೇಲೆ ಸೂರ್ಯ ಮುಳುಗಿದ್ರೆಷ್ಟು ಬಿಟ್ರೆಷ್ಟು ರೀ?'

'ಅವನ ಮನಸ್ಸಿನ ಅಳುಕು?'

'ಬೀಗದಲ್ಲಿದೆಯಲ್ಲ.'

ರಾಯರು ಆ ಎರಡು ವಾಕ್ಯಗಳನ್ನು ಬಹಳ ಹೊತ್ತು ನೋಡಿದರು. ಚೆನ್ನಾಗಿದ್ದವು. ಬ್ಯಾಂಕಿನಲ್ಲಿ ಒಪ್ಪಿಸಿ ಬಂದಿದ್ದ ಸಂಶಯ ಆಗ ಮನೆ ಹುಡುಕಿಕೊಂಡು ಬಂದು ಹೊಸಿಲ ಮೇಲೆ ನಿಂತಿರಬೇಕು. ಐನೂರು ಪುಟದಲ್ಲಿ ಇನ್ನೆಷ್ಟು ದಿನಮಣಿ ಇವೆ, ಯಾವುದು ಬೇಕು, ಯಾವುದು ಬೇಡ ಎಂಬ ಯೋಚನೆ ಅವರ ತಲೆಗೆ ಹೊಕ್ಕಿತು. ಬರೆಯುವವನ ಬಾಳಿನಲ್ಲಿ ನಿಜವಾಗಿ ಏನಾದರೂ ಆಗುವ ಗಳಿಗೆ ಅದು. ತಾನು ಬರೆದದ್ದನ್ನು ಬೇರೆಯವನು ಬರೆದದ್ದೆಂಬಂತೆ ಓದಲು ಕಲಿತವನಿಗೆ ಅಲ್ಲಿಂದಾಚೆ ಒಂದು ಬಗೆಯ ಸುಖವಿದೆ: ಒಂದು ಪ್ಯಾರಾ ಹೊಡೆದುಹಾಕಿದಾಗ ಅದರ ಹಿಂದಿನ ಪ್ಯಾರಾ ಎದ್ದು ಕೂರುತ್ತದೆ, ಎರಡು ಪಾತ್ರಗಳು ಒಂದೇ ಎಂದು ಹೊಳೆದು ಒಂದನ್ನು ಕಳಿಸಿಕೊಟ್ಟಾಗ ಉಳಿದದ್ದಕ್ಕೆ ಬಾಯಿ ಬರುತ್ತದೆ, ಬೆಳಗ್ಗೆ ಹಾಕಿದ ಅಲ್ಪವಿರಾಮವನ್ನು ಸಂಜೆ ತೆಗೆದು ಒಂದು ದಿನದ ದುಡಿಮೆ ಆಯಿತೆಂದು ನಿಶ್ಚಿಂತೆಯಿಂದ ಊಟಕ್ಕೆ ಏಳಬಹುದು. ಈ ಸುಖವನ್ನು ಮದುವೆಮನೆಯಲ್ಲಿ ಹೇಳಿಕೊಳ್ಳಲು ಬರುವುದಿಲ್ಲ. 'ಇವತ್ತು ಹನ್ನೊಂದು ಪುಟ ಕಳೆದೆ' ಎಂದರೆ ಜನ ಎಲ್ಲಿ, ಬಸ್ಸಿನಲ್ಲೇ ಎಂದು ಕೇಳುತ್ತಾರೆ.

ಆಕೆ ಇನ್ನೊಂದನ್ನೂ ತೋರಿಸಿದರು. 'ಶಂಕರನ ತಾಯಿ ನಾಲ್ಕನೇ ಅಧ್ಯಾಯದಲ್ಲಿ ಹೋಗ್ಬಿಟ್ರಲ್ಲ ರೀ. ಹತ್ತೊಂಬತ್ತರಲ್ಲಿ ಬಂದು ಕಾಫಿ ಕೊಡ್ತಾರಲ್ಲ?'

ರಾಯರು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಮಾತಿನ ಸತ್ಯ ಮೇಲುಗೈ ಪಡೆಯಿತು. ಹಸ್ತಪ್ರತಿಯನ್ನು ಕಂಕುಳಲ್ಲಿಟ್ಟುಕೊಂಡು ಮಿತ್ರವೃಂದಕ್ಕೆ ಹೋದರು. ಅಲ್ಲಿ ಕವಿಗಳೊಬ್ಬರು ಕಾಫಿ ಪ್ರಸಂಗವನ್ನು ಕೇಳಿ, 'ಇದು ಮಾಂತ್ರಿಕ ವಾಸ್ತವ ಅಲ್ವೇನ್ರೀ! ಮಾರ್ಕ್ವೆಜ್ ಮಾಡಿದ್ರೆ ಒಪ್ತೀವಿ, ನಮ್ಮವರು ಮಾಡಿದ್ರೆ ತಪ್ಪಾ?' ಎಂದರು. ಆ ಕವಿಗಳ ಸಂಕಲನಕ್ಕೆ ರಾಯರು ಬೆನ್ನುಡಿ ಬರೆದಿದ್ದರು, ಆ ಬಾಕಿ ಅಂದಿಗೆ ಚುಕ್ತವಾಯಿತು. ಮೊಮ್ಮಗಳು ಫೋನಿನಲ್ಲಿ ಯಂತ್ರಬುದ್ಧಿಯನ್ನೂ ಕೇಳಿಕೊಟ್ಟಳು. ತಮ್ಮ ಕೃತಿ ಅತ್ಯಂತ ಹೃದಯಸ್ಪರ್ಶಿಯಾಗಿದೆ, ತಾಯಿಯ ಪಾತ್ರ ವಿಶೇಷವಾಗಿ ಜೀವಂತವಾಗಿದೆ ಎಂದು ಅದು ಹೇಳಿತು. ಹೊಗಳಿಕೆಗಾಗಿ ಉಪ್ಪಿಟ್ಟು ಮಾಡಿಸುವ ಖರ್ಚೂ ಉಳಿಯಿತು. ಸಂಶಯ ಹೊಸಿಲಿನಿಂದಲೇ ವಾಪಸು ಹೋಯಿತು.

ಮೊಮ್ಮಗಳ ಒಂದು ಸಲಹೆಯನ್ನು ಮಾತ್ರ ರಾಯರು ಗಂಭೀರವಾಗಿ ತೆಗೆದುಕೊಂಡರು. ನಾಯಕಿಯ ಹೆಸರು ಕಲಾ. 'ಕಲಾ ಅಂತ ಈಗ ಯಾರ್ ಇಟ್ಕೊಳ್ತಾರೆ ತಾತ? ಅನನ್ಯಾ ಅಂತ ಮಾಡಿ' ಎಂದಳು. ಇಡೀ ಕಾದಂಬರಿಗೆ ಸಂದ ಪರಿಷ್ಕರಣೆ ಎಂದರೆ ಇದೊಂದೇ. ಬಾಲ್ಝಾಕ್ ಅಚ್ಚಿನ ಮೊಳೆ ಜೋಡಿಸಿಯಾದ ಮೇಲೂ ಕರಡಚ್ಚಿನ ಅಂಚಿನಲ್ಲಿ ಹೊಸ ಹೊಸ ಪ್ಯಾರಾ ಬರೆದು, ಅದರ ದಂಡವನ್ನು ತನ್ನ ಸಂಭಾವನೆಯಿಂದಲೇ ತೆರುತ್ತಿದ್ದನಂತೆ. ಈಗ ಅಷ್ಟು ಕಷ್ಟವಿಲ್ಲ. ಚಾಮರಾಜಪೇಟೆಯ ಡಿ.ಟಿ.ಪಿ. ಅಂಗಡಿಯ ಹುಡುಗಿ 'ಒಂದೇ ನಿಮಿಷ ಸಾರ್' ಎಂದು ಹುಡುಕು-ಬದಲಿಸು ಒತ್ತಿದಳು. ಎಷ್ಟು ಕಡೆ ಬದಲಾಯಿತೆಂದು ಪರದೆಯ ಮೇಲೆ ದೊಡ್ಡದೊಂದು ಅಂಕಿ ಬಂತು. ರಾಯರಿಗೆ ಸಂತೋಷವಾಯಿತು.

ಪುಸ್ತಕ ಬಂದಾಗ ಶಂಕರ ಮತ್ತು ಅನನ್ಯಾ ಮೊದಲು ಭೇಟಿಯಾದದ್ದು ಬೆಂಗಳೂರಿನ ರವೀಂದ್ರ ಅನನ್ಯಾಕ್ಷೇತ್ರದಲ್ಲಿ. ಅಲ್ಲಿ ಹಿರಿಯ ಅನನ್ಯಾವಿದರೊಬ್ಬರ ಚಿತ್ರಪ್ರದರ್ಶನವಿತ್ತು, ಅದನ್ನು ಏರ್ಪಡಿಸಿದ್ದು ಲಲಿತಅನನ್ಯಾ ಅಕಾಡೆಮಿ. ಅನನ್ಯಾಳ ತಂದೆಗೆ ವಾಣಿಜ್ಯ ಬೇಕು, ಮಗಳಿಗೆ ಅನನ್ಯಾ ವಿಭಾಗವೇ ಬೇಕು ಎಂಬ ಘರ್ಷಣೆ ಏಳನೆಯ ಅಧ್ಯಾಯವನ್ನು ತುಂಬಿದೆ. ಕರಡು ನೋಡುವವರು ಇದನ್ನು ಕಂಡಿದ್ದರು. ಕಂಡೂ ಸುಮ್ಮನಿದ್ದರು; ಕಾಗುಣಿತ ಸರಿಯಿತ್ತು.

ಬಿಡುಗಡೆಯ ಸಮಾರಂಭದ ವರ್ಣನೆ ಬೇಡ, ಅಂಥದ್ದಕ್ಕೆ ಹೋಗದ ಕನ್ನಡಿಗರಿಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ, ರಿಬ್ಬನ್ನು ಬಿಚ್ಚದ ಪುಸ್ತಕವನ್ನು ಎದೆಗೆ ಹಿಡಿದ ಗಣ್ಯರ ಸಾಲು. ನೂರು ವರ್ಷದ ಹಿಂದೆ ಗಳಗನಾಥರು ತಮ್ಮ ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರುತ್ತಿದ್ದರು ಎಂಬುದನ್ನು ಉದ್ಘಾಟಕರು ನೆನೆದು ಗದ್ಗದಿತರಾದರು. ಹಾಗೆ ಹೊತ್ತು ಮಾರುವವನಿಗೆ ಒಂದು ಅನುಕೂಲವಿರುತ್ತದೆ: ಹೋದ ಸಲ ಕೊಂಡವನು ಈ ಸಲ ಬಾಗಿಲು ತೆರೆಯುತ್ತಾನೋ ಇಲ್ಲವೋ ಎಂದು ನೋಡಿಯೇ ತನ್ನ ಬರಹದ ಯೋಗ್ಯತೆ ಗೊತ್ತಾಗುತ್ತದೆ. ಉದ್ಘಾಟಕರು ಅಷ್ಟು ದೂರ ಹೋಗಲಿಲ್ಲ. ಪುಸ್ತಕದ ಕುರಿತು ಮಾತನಾಡಲು ಬಂದ ವಿಮರ್ಶಕರು ಬರುವ ದಾರಿಯಲ್ಲಿ ಆಟೋದಲ್ಲಿ ಏಳನೆಯ ಅಧ್ಯಾಯ ತೆರೆದಿದ್ದರೆಂದು ಕಾಣುತ್ತದೆ. 'ಅನನ್ಯಾಕ್ಷೇತ್ರ, ಅನನ್ಯಾವಿದ ಎಂಬ ಪದಗಳಲ್ಲಿ ಲೇಖಕರು ಕಲೆಯನ್ನೂ ಪ್ರೇಯಸಿಯನ್ನೂ ಅಭೇದವಾಗಿ ಕಂಡಿದ್ದಾರೆ, ಇದು ಕನ್ನಡ ಕಾದಂಬರಿಯಲ್ಲಿ ಈವರೆಗೆ ಆಗದ ಭಾಷಿಕ ಪ್ರಯೋಗ' ಎಂದರು. ರಾಯರು ತಲೆ ತಗ್ಗಿಸಿ ವಿನಯದಿಂದ ಒಪ್ಪಿಕೊಂಡರು.

ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಕಾಲೇಜು ಹುಡುಗ ಪುಸ್ತಕವನ್ನು ಹೇಗೋ ಮೊದಲೇ ಓದಿಬಿಟ್ಟಿದ್ದ. ಎದ್ದು ನಿಂತು, 'ಸಾರ್, ತಾಯಿ ನಾಲ್ಕನೇ ಅಧ್ಯಾಯದಲ್ಲಿ ತೀರಿಕೊಂಡಿದ್ರಲ್ವಾ?' ಎಂದ. ಅಧ್ಯಕ್ಷರು ಸಮಯದ ಅಭಾವವನ್ನು ನೆನಪಿಸಿದರು. ವಂದನಾರ್ಪಣೆಯಾಯಿತು. ರಾಯರ ಶ್ರೀಮತಿ ಮಾತ್ರ ಆ ಹುಡುಗನನ್ನು ಹುಡುಕಿಕೊಂಡು ಹೋಗಿ, ಯಾವ ಕಾಲೇಜು, ಏನು ಓದುತ್ತಿದ್ದೀಯಪ್ಪ ಎಂದೆಲ್ಲ ವಿಚಾರಿಸಿ, ತಮ್ಮ ಪಾಲಿನ ಮೈಸೂರುಪಾಕನ್ನು ಅವನಿಗೆ ಕೊಟ್ಟರು.

ಮರುವರ್ಷ ಎರಡನೆಯ ಮುದ್ರಣ ಬಂತು. ಮುಖಪುಟದ ಮೇಲೆ 'ಪರಿಷ್ಕೃತ ಆವೃತ್ತಿ' ಎಂದು ಕೆಂಪು ಅಕ್ಷರದಲ್ಲಿದೆ. ರಾಯರು ಲೇಖಕರ ಅರಿಕೆಯಲ್ಲಿ, ಸಹೃದಯ ಓದುಗರೊಬ್ಬರ ಸಲಹೆಯನ್ನು ಗೌರವಿಸಿ ಹತ್ತೊಂಬತ್ತನೆಯ ಅಧ್ಯಾಯವನ್ನು ಮರಳಿ ಬರೆದಿರುವುದಾಗಿ ಹೇಳಿದ್ದಾರೆ. ತೆರೆದು ನೋಡಿದೆ. ತಾಯಿ ಬಂದು ಕೊಡುವುದು ಈಗ ಬೆಲ್ಲದ ಕಾಫಿ. ಪುಸ್ತಕದ ಬೆಲೆ ನೂರೈವತ್ತು ರೂಪಾಯಿ ಹೆಚ್ಚು.